ಟೀವಿಯ ಬಗಲಲ್ಲಿ ಕೂತು ಮುಳ್ಳು ಕಾಯ್ದದ್ದು

ಮನುಷ್ಯನಿಗೆ ಒಂದು ಕೆಲಸ ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತಿದ್ದರೆ ಅದರಷ್ಟು ನೆಮ್ಮದಿ ಇನ್ನೊಂದಿಲ್ಲ. ಯಾರೂ ಕರೆಯುವುದಿಲ್ಲ, ಯಾರೂ ಕೇಳುವುದಿಲ್ಲ. ಬಾರದ ಕೆಲಸ ಬರುತ್ತದೆ ಎಂದು ಹೆಸರಾಗಿಬಿಟ್ಟರೆ ಮಾತ್ರ ಗ್ರಹಚಾರ. ನನಗೆ ಕರೆಂಟಿನ ವಿದ್ಯೆ ಗೊತ್ತು ಎಂಬ ಹೆಸರು ಬಂದದ್ದು ಹೀಗೆ. ಶಾಲೆಯ ಬಲ್ಬು ಒಂದು ದಿನ ಹತ್ತಲಿಲ್ಲ. ನಾನು ಸ್ಟೂಲು ಹತ್ತಿ ಅದನ್ನು ಒತ್ತಿ ತಿರುವಿದೆ, ಹತ್ತಿತು. ಕೆಳಗೆ ನಿಂತಿದ್ದ ನಾಲ್ಕು ಜನ ಹಿರಿಯರು "ಮಾಸ್ತರಗ ಕರೆಂಟಿಂದು ಎಲ್ಲಾ ಗೊತ್ತೈತಿ ಬಿಡ್ರಿ" ಎಂದು ಅಲ್ಲೇ ತೀರ್ಮಾನ ಕೊಟ್ಟರು. ಮುಂದೆ ಊರಿಗೆ ಸರ್ಕಾರದ ಟೀವಿ ಬಂದಾಗ ಅದನ್ನು ಕಾಯುವ ಹೊಣೆ ನನ್ನ ಕೊರಳಿಗೆ ಬಿದ್ದದ್ದು ಆ ಒಂದು ಬಲ್ಬಿನಿಂದ. ಆ ಟೀವಿ ಸುಟ್ಟುಹೋಯಿತು. ಸುಟ್ಟದ್ದಕ್ಕೆ ಕಾರಣ ಏನು ಎಂದು ಮೇಲಿನವರು ಕೇಳಿದಾಗ ನಾನು ನನ್ನ ದುಂಡನೆಯ ಅಕ್ಷರದಲ್ಲಿ "ಅಧಿಕ ವೋಲ್ಟೇಜ್" ಎಂದು ಬರೆದುಕೊಟ್ಟೆ. ಅದು ಸುಳ್ಳಲ್ಲ. ಆದರೆ ಆ ವೋಲ್ಟೇಜು ಅಧಿಕವಾಗುವಾಗ ಅದನ್ನು ನೋಡಬೇಕಾದವನು ಏನು ನೋಡುತ್ತಿದ್ದ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಷ್ಟು ವರ್ಷಗಳ ಮೇಲೆ ಈಗ ಹೇಳುತ್ತಿದ್ದೇನೆ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಇವತ್ತಿಗೂ ಬಸ್ಸು ಹತ್ತಿ ಬಂದು ಜಗಳ ತೆಗೆಯುವಂಥ ಜನ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ ಇಳಿದು, ಎಡಕ್ಕೆ ಎರಡು ಮೈಲಿ ನಡೆದರೆ ಸಿಗುತ್ತಿತ್ತು ಎಂದಷ್ಟೇ ಇಟ್ಟುಕೊಳ್ಳಿ. ಕಾಲುವೆ ಬಂದು ಆ ಸೀಮೆಯೆಲ್ಲ ನೆಲ್ಲು ನೆಲ್ಲು ಎನ್ನುತ್ತಿದ್ದ ಕಾಲ. ಕಾಲುವೆ ಕೆಳಗಿನ ಮುಕ್ಕುಂದದ ಬೀಗರ ಮನೆಗೆ ಹೋಗಿ ಬಂದವರು ಅನ್ನ ಉಂಡ ಸುದ್ದಿಯನ್ನು ವಾರಗಟ್ಟಲೆ ಹೇಳುತ್ತಿದ್ದರು. ನಮ್ಮೂರ ಹೊಲಗಳು ಮಾತ್ರ ಸ್ವಲ್ಪ ದಿಬ್ಬದ ಮೇಲಿದ್ದವು. ಕಾಲುವೆಯ ನೀರು ಅಲ್ಲಿಗೆ ಏರಲು ಒಪ್ಪಲಿಲ್ಲ. ಹಾಗಾಗಿ ಜನ ಹಳ್ಳದ ದಂಡೆಗೆ ಮೋಟಾರು ಕೂಡಿಸಿ ನೀರೆತ್ತುತ್ತಿದ್ದರು. ಹಳ್ಳದಲ್ಲಿ ಇದ್ದಷ್ಟೇ ನೀರು, ಎಲ್ಲರಿಗೂ ಸಾಲಬೇಕು. ಇವತ್ತು ಈ ದಂಡೆ, ನಾಳೆ ಆ ದಂಡೆ ಎಂದು ಪಾಳಿ ಹಚ್ಚಿಕೊಂಡಿದ್ದರು. ಪಾಳಿ ಎಂದರೆ ಆ ಊರಲ್ಲಿ ದೇವರ ಮಾತು. ಹೆಂಡತಿ ಹೆರಿಗೆ ನೋವು ತಿನ್ನುತ್ತಿದ್ದರೂ ಗಂಡ "ಪಾಳಿ ಐತಿ" ಎಂದು ಹಳ್ಳಕ್ಕೆ ಹೋಗಿದ್ದನ್ನು ನಾನು ಕಂಡಿದ್ದೇನೆ.

ಈ ಊರಿಗೆ ಎಪ್ಪತ್ತರ ದಶಕದ ನಡುವೆ ಒಂದು ದಿನ ಜೀಪಿನಲ್ಲಿ ಟೀವಿ ಬಂತು. ಶಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಳಿಗೆಯಿಂದ ಮಾಡಿದ ದೊಡ್ಡ ಛತ್ರಿಯೊಂದನ್ನು ಮುಗಿಲಿಗೆ ಮುಖ ಮಾಡಿ ನಿಲ್ಲಿಸಿದರು. ಮೇಲೆ ಆಕಾಶದಲ್ಲಿ ಒಂದು ಯಂತ್ರ ಇದೆ, ಅದು ಚಿತ್ರ ಕಳಿಸುತ್ತದೆ, ಛತ್ರಿ ಹಿಡಿಯುತ್ತದೆ ಎಂದರು. ಮಳೆ ಹಿಡಿಯಲು ಬಾರದ ಛತ್ರಿ ಚಿತ್ರ ಹೇಗೆ ಹಿಡಿದೀತು ಎಂದು ಜನ ಒಂದು ದಿನ ನಕ್ಕರು. ಎರಡನೆಯ ದಿನ ಸಂಜೆ ಆರಕ್ಕೆ ಊರಿಗೆ ಊರೇ ಶಾಲೆಯ ಅಂಗಳದಲ್ಲಿ ಕೂತಿತ್ತು.

ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂತವಳು ನನ್ನ ಹೆಂಡತಿ ಗಿರಿಜಾ. ಆಕೆಯ ವಿಷಯ ಹೇಳದಿದ್ದರೆ ಈ ಕಥೆ ನಡೆಯುವುದಿಲ್ಲ. ಗಿರಿಜಾ ಲಿಂಗಸುಗೂರಿನವಳು. ಲಿಂಗಸುಗೂರೇನು ಲಂಡನ್ನಲ್ಲ, ಆದರೆ ಅಲ್ಲಿ ಟಾಕೀಸಿತ್ತು, ಬಳೆ ಅಂಗಡಿಗಳ ಸಾಲಿತ್ತು, ಮುಖ್ಯವಾಗಿ ಆಕೆಯ ತಾಯಿ ಮತ್ತು ಮೂವರು ಅಕ್ಕತಂಗಿಯರಿದ್ದರು. ಮದುವೆಯಾಗಿ ಬಂದ ಮೇಲೆ ಈ ಊರಲ್ಲಿ ಆಕೆಗೆ ಮಾತಿಗೆ ಸಿಕ್ಕವನು ನಾನೊಬ್ಬ. ನಾನೋ, ಶಾಲೆಯಲ್ಲಿ ಇಡೀ ದಿನ ಕಿರುಚಿ ಮನೆಗೆ ಬಂದರೆ "ಹೂಂ" ಎನ್ನುವುದಕ್ಕೂ ದಣಿವು ಎನ್ನುವ ಜಾತಿಯವನು. ಆಕೆ ವಾರಕ್ಕೊಮ್ಮೆ "ವರ್ಗಕ್ಕ ಅರ್ಜಿ ಬರದ್ರೇನ್ರಿ?" ಎಂದು ಕೇಳುತ್ತಿದ್ದಳು. ನಾನು "ಬರೀತೀನಿ" ಎನ್ನುತ್ತಿದ್ದೆ. ಒಂದು ದಿನ ಕೇಳುವುದನ್ನೇ ಬಿಟ್ಟಳು, ಟ್ರಂಕಿಗೆ ಸೀರೆ ಮಡಚಿ ಇಡತೊಡಗಿದಳು. ಕೇಳದ ಹೆಂಡತಿ ಕೇಳುವ ಹೆಂಡತಿಗಿಂತ ಅಪಾಯ ಎಂದು ನನಗೆ ಆಗ ಗೊತ್ತಾಯಿತು. ಅಷ್ಟರಲ್ಲಿ ಟೀವಿ ಬಂತು. ಮೊದಲ ಸಂಜೆ ನೋಡಿ ಬಂದವಳು ಟ್ರಂಕಿನಿಂದ ಎರಡು ಸೀರೆ ಹೊರಗೆ ತೆಗೆದಿಟ್ಟಳು. "ಟೀವಿ ಇರೋತನಕ ನಾ ಲಿಂಗಸುಗೂರಿನ ಮಾತು ಎತ್ತಂಗಿಲ್ರಿ" ಎಂದಳು. ಆ ಟೀವಿಯನ್ನು ನಾನು ಯಾಕೆ ಕಣ್ಣಿನಂತೆ ಕಾಯ್ದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಮೇಲಿನವರು ಅದನ್ನು ಕರ್ತವ್ಯನಿಷ್ಠೆ ಎಂದುಕೊಂಡರು.

ಐದನೆಯ ಸಂಜೆಯೇ ಆಘಾತ. ಟೀವಿ ಹಚ್ಚಿ ಕಾಲು ಗಂಟೆಯಾಗಿಲ್ಲ, ಮೇಲಿನ ಬಲ್ಬು ಮಲ್ಲಿಗೆಯಂತೆ ಬೆಳ್ಳಗಾಯಿತು, ಟೀವಿಯೊಳಗೆ ಟಿಕ್ ಎಂದಿತು, ಎಲ್ಲ ಕತ್ತಲೆ. ಫ್ಯೂಸು ಹೋಗಿತ್ತು. ಹೊಸದು ಹಾಕಿದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಟಿಕ್. ನಮ್ಮೂರಲ್ಲಿ ಹಗಲೆಲ್ಲ ಬಲ್ಬು ಕೆಂಪಗೆ, ಸಾಯುವವರ ಕಣ್ಣಿನ ಹಾಗೆ ಉರಿಯುತ್ತಿತ್ತು. ಕರೆಂಟು ಕಡಿಮೆ ಎಂದು ಬೈಯುವುದು ಗೊತ್ತಿತ್ತೇ ಹೊರತು, ಹೆಚ್ಚಾಗಿ ಕೆಡುತ್ತದೆ ಎಂದರೆ ಯಾರೂ ನಂಬಲಿಲ್ಲ. "ಹಾಲು ಹೆಚ್ಚಾತು ಅಂತ ಎಮ್ಮಿ ಸತ್ತಾವೇನ್ರಿ ಮಾಸ್ತರ?" ಎಂದು ಒಬ್ಬರು ಕೇಳಿದರು.

ಕಾರಣ ಹುಡುಕಿದವನು ಗಿರಣಿ ಶರಣಪ್ಪ. ಶಾಲೆಯ ಮಗ್ಗುಲಲ್ಲೇ ಅವನ ಹಿಟ್ಟಿನ ಗಿರಣಿ. ಮೀಸೆ, ಹುಬ್ಬು, ಕಿವಿಯ ಕೂದಲು ಸಹಿತ ಸದಾ ಬೆಳ್ಳಗಿದ್ದ ಅವನಿಗೆ ನಿಜವಾಗಿ ಎಷ್ಟು ವಯಸ್ಸು ಎಂದು ಊರಿನಲ್ಲಿ ಖಚಿತವಾಗಿ ಯಾರಿಗೂ ತಿಳಿಯದು. ಅವನು ಅಂಗಳದಲ್ಲಿ ಕೂತ ಜನರನ್ನು ಒಮ್ಮೆ ಎಣಿಸುವಂತೆ ನೋಡಿ, "ಮಾಸ್ತರ, ಹಳ್ಳದ ದಂಡಿ ಮಂದಿ ಎಲ್ಲಾ ಇಲ್ಲೇ ಅದಾರ. ಮತ್ತ ಮೋಟಾರು ಯಾರು ನಡಸಾಕತ್ತಾರ?" ಎಂದ. ಯಾರೂ ನಡೆಸುತ್ತಿರಲಿಲ್ಲ. ಮೊದಲೆಲ್ಲ ಸಂಜೆಗೆ ಒಬ್ಬ ಈಗ, ಒಬ್ಬ ಆಮೇಲೆ ಎಂದು ಮೋಟಾರು ಬಂದ್ ಮಾಡಿ ಬರುತ್ತಿದ್ದರು. ಈಗ ಆರು ಹೊಡೆಯುತ್ತಲೇ ಟೀವಿ ತಪ್ಪೀತೆಂದು ಎಲ್ಲರೂ ಒಟ್ಟಿಗೆ ಬಂದ್ ಮಾಡಿ ಓಡಿಬರುತ್ತಿದ್ದರು. ಅಷ್ಟೂ ಮೋಟಾರು ಕುಡಿಯುತ್ತಿದ್ದ ಕರೆಂಟು ಕುಡಿಯುವವರಿಲ್ಲದೆ ತಂತಿಯಲ್ಲಿ ಉಕ್ಕಿ ನಮ್ಮ ಟೀವಿಗೆ ನುಗ್ಗುತ್ತಿತ್ತು. ಟೀವಿಯನ್ನು ಕೊಲ್ಲುತ್ತಿದ್ದವರು ಅದನ್ನು ನೋಡಲು ಬಂದವರೇ.

ರಾಯಚೂರಿನಿಂದ ರಿಪೇರಿಯವನು ಬಂದ. ಮೈಸೂರು ಕಡೆಯ ಹುಡುಗ, ಮೆಲ್ಲಗೆ ಮಾತಾಡುವವನು. ಟೀವಿಗೆ ಒಂದು ಕಬ್ಬಿಣದ ಪೆಟ್ಟಿಗೆ ಜೋಡಿಸಿದ. ಅದರ ಮುಖಕ್ಕೆ ಗಡಿಯಾರದಂಥ ಒಂದು ಗಾಜು, ಒಳಗೆ ಮುಳ್ಳು, ಬಲಗಡೆ ಒಂದು ಕೆಂಪು ಗೆರೆ, ಕೆಳಗೆ ಆರು ಮೆಟ್ಟಿಲಿನ ಗುಂಡಿ. "ಮೇಷ್ಟ್ರೇ, ವೋಲ್ಟೇಜ್ ಇಳಿದರೆ ಗುಂಡಿ ಮೇಲಕ್ಕೆ ತಿರುಗಿಸಿ, ಏರಿದರೆ ಕೆಳಕ್ಕೆ. ಮುಳ್ಳು ಕೆಂಪು ಗೆರೆ ಮುಟ್ಟೋಕೆ ಬಿಡಬೇಡಿ. ಇದು ತಾನಾಗೇ ಏನೂ ಮಾಡೋದಿಲ್ಲ, ನೀವೇ ನೋಡ್ತಾ ಇರಬೇಕು. ಕಣ್ಣು ತೆಗೀಬೇಡಿ" ಎಂದ. ಹೊರಡುವಾಗ ಇನ್ನೊಂದು ಮಾತು ಹೇಳಿದ. ಟೀವಿ ಒಳಗಡೆ ಸುಟ್ಟರೆ ಇಲ್ಲಿ ರಿಪೇರಿಯಾಗುವುದಿಲ್ಲ, ಹೊತ್ತುಕೊಂಡು ಹೋಗುತ್ತಾರೆ, ಬದಲಿಗೆ ಬರುವ ಟೀವಿ ಕರೆಂಟು ನೆಟ್ಟಗಿರುವ ಊರಿಗೆ ಹೋಗುತ್ತದೆ. ಈ ಮಾತು ಕೇಳಿ ಗಿರಿಜಾ ಬಾಗಿಲ ಹಿಂದಿನಿಂದಲೇ ನನ್ನನ್ನು ಒಂದು ಸಲ ನೋಡಿದಳು.

ಊರ ಹಿರಿಯರು ಕೂಡಿದರು. ಗುಂಡಿ ತಿರುವುವುದೊಂದೇ ಸಾಲದು, ತಂತಿಯಲ್ಲಿ ಉಕ್ಕುವ ಕರೆಂಟಿಗೆ ಕುಡಿಯುವವನೊಬ್ಬ ಬೇಕು. ಹಳ್ಳದ ಮೋಟಾರುಗಳನ್ನು ಸರದಿಯ ಮೇಲೆ ನಡೆಸಿ ಎಂದರೆ ಒಬ್ಬನೂ ಒಪ್ಪಲಿಲ್ಲ. ನಡೆಸಿದವನಿಗೆ ಟೀವಿ ತಪ್ಪುತ್ತದೆ, ಮೇಲೆ ಪಾಳಿ ಇಲ್ಲದ ದಿನ ನೀರೆತ್ತಿದ ಅಪವಾದ. ಕೊನೆಗೆ ಎಲ್ಲರ ಕಣ್ಣು ಶರಣಪ್ಪನ ಮೇಲೆ ಬಿತ್ತು. ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಮೋಟಾರು ಗಿರಣಿಯದು. ಅದು ಸುರುವಾದರೆ ಶಾಲೆಯ ಬಲ್ಬು ತಲೆ ತಗ್ಗಿಸುತ್ತಿತ್ತು. ಟೀವಿ ನಡೆಯುವಷ್ಟು ಹೊತ್ತೂ ಗಿರಣಿ ನಡೆಯಲಿ ಎಂದು ಠರಾವಾಯಿತು. ಗಿರಣಿ ಬರಿದೇ ತಿರುಗಿದರೆ ಕಲ್ಲಿಗೆ ಕಲ್ಲು ತಿಕ್ಕಿ ಹಾಳಾಗುತ್ತದೆ, ಕಾಳು ಬೇಕು. ಅದಕ್ಕೂ ಪಾಳಿ ಹಚ್ಚಿದರು. ಇಂಥ ದಿನ ಇಂಥ ನಾಲ್ಕು ಮನೆಯವರು ಸಂಜೆ ಆರಕ್ಕೆ ಜೋಳ ತಂದು ಸುರಿಯಬೇಕು. ವೋಲ್ಟೇಜು ಇಳಿಸಲು ರೊಟ್ಟಿ ಹಿಟ್ಟು ಬೀಸಿದ ಊರು ಈ ದೇಶದಲ್ಲಿ ಅದೊಂದೇ ಇರಬೇಕು. ಹಿಟ್ಟು ಹೆಚ್ಚಾದ ಮನೆಗಳಲ್ಲಿ ಬೇಡವೆಂದರೂ ನಾಲ್ಕು ರೊಟ್ಟಿ ಜಾಸ್ತಿ ಬಡಿಯತೊಡಗಿದರು.

ಶರಣಪ್ಪ ಮಾತ್ರ ಸಣ್ಣ ದನಿಯಲ್ಲಿ, "ಅಲ್ರಿ, ನಾ ಟೀವಿ ನೋಡಬ್ಯಾಡೇನು?" ಎಂದ. ನನಗೆ ಅವನ ಮುಖ ನೋಡಿ ಕೆಟ್ಟದೆನಿಸಿತು. "ಶರಣಪ್ಪ, ಏನೇನು ಬಂತು ಅಂತ ಮುಂಜಾನೆ ನಾ ನಿನಗ ಎಲ್ಲಾ ಹೇಳ್ತೀನಿ" ಎಂದು ಮಾತು ಕೊಟ್ಟೆ. ಆ ಮಾತು ನನ್ನನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಆಗ ಹೊಳೆದಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಯಾಕೆಂದರೆ ಟೀವಿಯನ್ನು ನಾನೂ ನೋಡುತ್ತಿರಲಿಲ್ಲ. ಪೆಟ್ಟಿಗೆ ಇದ್ದದ್ದು ಟೀವಿಯ ಬಗಲಲ್ಲಿ. ಗುಂಡಿಯ ಮೇಲೆ ಕೈ, ಮುಳ್ಳಿನ ಮೇಲೆ ಕಣ್ಣು ಇಟ್ಟು ಕೂತರೆ ಟೀವಿಗೆ ನನ್ನ ಭುಜ, ಜನರಿಗೆ ನನ್ನ ಮುಖ. ಆ ಇಡೀ ಅವಧಿಯಲ್ಲಿ ನಾನು ಒಂದು ಚಿತ್ರವನ್ನೂ ನೆಟ್ಟಗೆ ಕಂಡವನಲ್ಲ. ಮಾತಾದರೂ ಕೇಳುತ್ತಿತ್ತೇ ಎಂದರೆ, ಮಗ್ಗುಲ ಗಿರಣಿಯ ಸದ್ದಿನಲ್ಲಿ ಹತ್ತಕ್ಕೆ ಮೂರು ಮಾತು ಕಿವಿಗೆ ಬಿದ್ದರೆ ಹೆಚ್ಚು. ನನಗೆ ಕಾಣುತ್ತಿದ್ದದ್ದು ಎರಡೇ, ಮುಳ್ಳು ಮತ್ತು ಜನರ ಮುಖ. ಮುಳ್ಳು ನೋಡುವುದು ಎಷ್ಟು ಹೊತ್ತು ಸಾಧ್ಯ ಹೇಳಿ. ಅದು ಅಲುಗಿದರೆ ಭಯ, ಅಲುಗದಿದ್ದರೆ ನಿದ್ದೆ. ನಡುನಡುವೆ ತಲೆ ಎತ್ತುತ್ತಿದ್ದೆ. ಎತ್ತಿದರೆ ಎದುರಿಗೇ ಮುಂದಿನ ಸಾಲಿನಲ್ಲಿ ಗಿರಿಜಾ.

ಆ ಕಾಲದಲ್ಲಿ ಹಳ್ಳಿಯ ಮಾಸ್ತರನೊಬ್ಬ ನಾಲ್ಕು ಜನರ ಎದುರು ಸ್ವಂತ ಹೆಂಡತಿಯ ಮುಖ ನೋಡುವುದು ಇರಲಿಲ್ಲ. ಮನೆಯಲ್ಲೂ ನಾನು ನೋಡುತ್ತಿದ್ದದ್ದು ತಾಟಿನಲ್ಲಿ ರೊಟ್ಟಿ ಹಾಕುವ ಕೈಯನ್ನು. ಇಲ್ಲಿ ಟೀವಿಯ ನೀಲಿ ಬೆಳಕು ಆಕೆಯ ಮುಖದ ಮೇಲೆ ಬಿದ್ದಿರುತ್ತಿತ್ತು, ಆಕೆಯ ಹಿಂದಿನವರೆಲ್ಲ ಟೀವಿಯಲ್ಲಿ ಮುಳುಗಿರುತ್ತಿದ್ದರು. ನಕ್ಕರೆ ಆಕೆಯ ಎಡಗೆನ್ನೆಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ ಎಂದು ಮದುವೆಯಾಗಿ ಮೂರು ವರ್ಷದ ಮೇಲೆ ನನಗೆ ಮೊದಲ ಸಲ ತಿಳಿದದ್ದು ಕೋಳಿ ಸಾಕಣೆಯ ಒಂದು ಕಾರ್ಯಕ್ರಮದ ಹೊತ್ತಿಗೆ. ನನಗೆ ಬಹಳ ಸಂತೋಷವಾಯಿತು, ಮತ್ತು ಇಷ್ಟು ದಿನ ಇದನ್ನು ನೋಡದೆ ಇದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಮರುದಿನ ಬೆಳಿಗ್ಗೆ ಶರಣಪ್ಪ ಹಿಟ್ಟು ಕೊಡವಿಕೊಂಡು ಬಂದು "ನಿನ್ನಿ ಏನು ಬಂದಿತ್ರಿ ಮಾಸ್ತರ?" ಎಂದ. ಕೋಳಿಗಳ ಕಾರ್ಯಕ್ರಮ, ಜನ ಮೂರು ಸಲ ನಕ್ಕರು, ಇಷ್ಟೇ ನನಗೆ ಗೊತ್ತು. ಯಾಕೆ ನಕ್ಕರು ಎಂದು ಗೊತ್ತಿಲ್ಲ. ಮಾತು ಕೊಟ್ಟಾಗಿತ್ತು. "ಒಬ್ಬ ಮುದುಕ ಬಂದಿದ್ದ. ಅವನ ಹಿಂದ ಒಂದು ಹುಂಜ ಗಂಟು ಬಿದ್ದಿತ್ತು. ಅಂವ ಎಲ್ಲಿ ಹೋದ್ರೂ ಬಿಡವಲ್ದು" ಎಂದೆ. ಶರಣಪ್ಪ ಹೊಟ್ಟೆ ಹಿಡಿದು ನಕ್ಕ. ಅಲ್ಲಿಗೆ ಬಿಡಬಹುದಿತ್ತು. ಆದರೆ ಅವನು ದಿನಾ ಬಂದು "ಮುದುಕ ಏನಾದ?" ಎಂದು ಕೇಳತೊಡಗಿದ. ಮುದುಕನಿಗೆ ನಾನು ಒಬ್ಬ ಮಗಳನ್ನು ಕೊಟ್ಟೆ. ಮಗಳ ಮದುವೆಗೆ ಸಂತೆಕಲ್ಲೂರು ಕಡೆಯಿಂದ ವರ ಬಂದ. ಹುಂಜ ವರನ ರುಮಾಲಿನ ಮೇಲೆ ಹತ್ತಿ ಕೂತಿತು. ನಿಜವಾದ ಟೀವಿಯಲ್ಲಿ ಆ ಸಂಜೆಗಳಲ್ಲಿ ಗೊಬ್ಬರ ಹಾಕುವ ಕ್ರಮ, ನೀರು ಕಾಯಿಸಿ ಕುಡಿಯುವ ಕ್ರಮ ಬಂದವೆಂದು ಕಾಣುತ್ತದೆ. ಶರಣಪ್ಪನಷ್ಟು ಒಳ್ಳೆಯ ಟೀವಿ ಆ ಊರಿನಲ್ಲಿ ಇನ್ನಾರೂ ನೋಡಲಿಲ್ಲ.

ಅವನಿಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ಆ ಪ್ರೀತಿಯಲ್ಲಿ ಒಂದು ದಿನ ಗಿರಣಿಯಿಂದ ಒಂದು ತುಂಡು ದಪ್ಪ ತಂತಿ ತಂದ. ಆಗಾಗ ನಮ್ಮ ಫ್ಯೂಸು ಹೋಗಿ ಕಾರ್ಯಕ್ರಮ ನಿಲ್ಲುತ್ತಿತ್ತಲ್ಲ, ಅದಕ್ಕೆ ಮದ್ದು. "ನಿಮ್ಮದು ಕೂದಲಿನಂಥ ತಂತಿರಿ, ಪಟ್ಟನ ಹೋಗತೈತಿ. ಇದನ್ನ ಹಾಕ್ರಿ, ಜನ್ಮಕ್ಕ ಹೋಗಂಗಿಲ್ಲ" ಎಂದ. ಕೂದಲಿನಂಥ ತಂತಿ ತಾನು ಸತ್ತು ಟೀವಿಯನ್ನು ಉಳಿಸುತ್ತದೆ ಎಂಬುದು ಕರೆಂಟಿನ ವಿದ್ಯೆ ಬಲ್ಲವನಿಗೆ ತಿಳಿಯುತ್ತಿತ್ತು. ನನಗೆ ಬಲ್ಬು ತಿರುವಲು ಬರುತ್ತಿತ್ತು. ಹಾಕಿದೆ. ಅಲ್ಲಿಂದ ಫ್ಯೂಸು ಒಂದು ದಿನವೂ ಹೋಗಲಿಲ್ಲ, ಊರವರು ನನ್ನನ್ನು ಹೊಗಳಿದರು.

ಟೀವಿ ಸುಟ್ಟ ಸಂಜೆ ತೊಗಲುಗೊಂಬೆಯ ಆಟವಿತ್ತು. ನಾನು ಮುಳ್ಳು ನೋಡುತ್ತಿದ್ದೆ, ಗುಂಡಿ ನಾಲ್ಕನೆಯ ಮೆಟ್ಟಿಲಿನಲ್ಲಿತ್ತು. ಇದ್ದಕ್ಕಿದ್ದ ಹಾಗೆ ಟೀವಿಯ ಮಾತು ಬಹಳ ಸ್ಪಷ್ಟವಾಗಿ ಕೇಳತೊಡಗಿತು. ಹಿಂದಿನ ಸಾಲಿನಿಂದ ಯಾರೋ "ಇವತ್ತು ಮಾತು ಚೊಲೋ ಕೇಳಾಕತ್ತಾವು" ಎಂದರು. ನನಗೂ ಹಿತವೆನಿಸಿತು. ಅದೇ ಹೊತ್ತಿಗೆ ಗೊಂಬೆ ಏನೋ ಮಾಡಿತು, ಜನ ಗೊಳ್ಳೆಂದರು, ಗಿರಿಜಾ ಸೆರಗು ಬಾಯಿಗೆ ಹಿಡಿಯುವುದನ್ನೂ ಮರೆತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಗುಳಿ ಬಿತ್ತು. ನಾನು ನೋಡುತ್ತ ಕೂತೆ. ಆಕೆಯ ಹಿಂದೆ, ಬಹಳ ಹಿಂದೆ, ಬೇವಿನ ಮರದ ಕೆಳಗೆ ಬೆಳ್ಳಗೆ ಒಂದು ಆಕಾರ ಕತ್ತು ಚಾಚಿ ನಿಂತಿತ್ತು. ಶರಣಪ್ಪ. ಪಾಪ, ಬಂದನಲ್ಲ, ನೋಡಲಿ ಎಂದು ನನಗೆ ಮನಸ್ಸು ತುಂಬಿ ಬಂತು. ಅವನಿಗೆ ಕೈ ಎತ್ತಿ ಸನ್ನೆ ಕೂಡ ಮಾಡಿದೆ. ಅವನು ಇಲ್ಲಿದ್ದರೆ ಗಿರಣಿ ಯಾರು ನಡೆಸುತ್ತಿದ್ದಾರೆ ಎಂಬ ಪ್ರಶ್ನೆ ನನ್ನ ತಲೆಗೆ ಬರುವಷ್ಟರಲ್ಲಿ ಮೇಲಿನ ಬಲ್ಬು ಮಲ್ಲಿಗೆಯಾಗಿತ್ತು, ಮುಳ್ಳು ಕೆಂಪು ಗೆರೆ ದಾಟಿ ಆಚೆ ಗೋಡೆಗೆ ಒರಗಿತ್ತು. ಗುಂಡಿಗೆ ಕೈ ಹಾಕಿದೆ. ಟೀವಿಯೊಳಗಿಂದ ಸಣ್ಣಗೆ ಹೊಗೆ ಬಂತು, ಆಮೇಲೆ ರೊಟ್ಟಿ ಕರಕಲಾದ ವಾಸನೆ. ಫ್ಯೂಸು ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಜನ ಎದ್ದು ಹೋದರು. ಕೊನೆಗೆ ಶರಣಪ್ಪ ಬಂದ. "ತಪ್ಪಾತ್ರಿ ಮಾಸ್ತರ. ಒಂದು ಗಳಿಗಿ ಬಂದ್ ಮಾಡಿ ಬಂದೆ. ಆ ಮುದುಕನ್ನ ಒಂದು ಸಲ ಕಣ್ಣಾರೆ ನೋಡಬೇಕಂತ ಜೀವ ಕೇಳ್ಲಿಲ್ಲ" ಎಂದ. ಸುಟ್ಟ ಟೀವಿಯ ಕಡೆ ನೋಡಿ, "ಅಂವ ಇವತ್ತ ಬರಲೇ ಇಲ್ಲಲ್ರಿ" ಎಂದ. ಇಲ್ಲದ ಮುದುಕನನ್ನು ನೋಡಲು ಬಂದವನನ್ನು ಏನೆಂದು ಬೈಯಲಿ? "ತಪ್ಪು ನಂದು ಶರಣಪ್ಪ" ಎಂದೆ. ಅವನು ಅದನ್ನು ನನ್ನ ದೊಡ್ಡ ಗುಣವೆಂದು ತಿಳಿದ. ಮುದುಕ ಇರಲಿಲ್ಲ ಎಂದು ನಾನು ಕೊನೆಯವರೆಗೂ ಅವನಿಗೆ ಹೇಳಲಿಲ್ಲ.

ಜೀಪು ಬಂದು ಟೀವಿ ಒಯ್ದಿತು, ಅಧಿಕ ವೋಲ್ಟೇಜಿನ ಕಾಗದವೂ ಅದರೊಂದಿಗೆ ಹೋಯಿತು. ಆ ದಿನ ಶಾಲೆ ಮುಗಿಸಿ ಬರುವಾಗ ಟ್ರಂಕು ಬಾಗಿಲಲ್ಲೇ ಇರುತ್ತದೆ ಎಂದುಕೊಂಡು ಬಂದೆ. ಇರಲಿಲ್ಲ. ಗಿರಿಜಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಕೆ ಕೇಳದೆಯೇ ನಾನು, "ವರ್ಗಕ್ಕ ಅರ್ಜಿ ಬರೀತೀನಿ, ಈ ಸಲ ಖರೇನೇ" ಎಂದೆ. ಆಕೆ ತಲೆ ಎತ್ತಲಿಲ್ಲ. "ಬರೀರಿ. ಅವಸರ ಇಲ್ಲ" ಎಂದಳು. ರೊಟ್ಟಿ ತಿರುವಿ ಹಾಕಿ, "ನೀವು ಮುಳ್ಳು ನೋಡಾಕತ್ತಿದ್ದಿಲ್ಲ" ಎಂದಳು. ನಾನು ತಾಟು ಎಳೆದುಕೊಂಡು ಕೂತೆ. "ನನಗ ಮೊದಲಿನ ದಿನದಿಂದ ಗೊತ್ತೈತಿ. ಗೊಬ್ಬರದ ಮಾತು ಕೇಳಾಕ ನಾ ದಿನಾ ಎಲ್ಲಾರ್ಕಿಂತ ಮುಂದ ಹೋಗಿ ಕುಂದ್ರತಿದ್ನೇನ್ರಿ? ಮನ್ಯಾಗ ನೋಡದವರು ಅಲ್ಲಿ ನೋಡ್ತಿದ್ರಲ್ಲ, ಅದಕ್ಕ." ಅಷ್ಟು ಹೇಳಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ಆ ದಿನ ನಾನು ಕೈ ನೋಡಲಿಲ್ಲ, ಮುಖ ನೋಡಿದೆ.

ಆಮೇಲೆ ವರ್ಗವೂ ಆಯಿತು, ಲಿಂಗಸುಗೂರಿಗೆ ಬಂದೆವು, ಮುದುಕರಾದೆವು. ಮನೆಗೆ ನಮ್ಮದೇ ಟೀವಿ ಬಂತು, ಅದರ ಕೆಳಗೆ ವೋಲ್ಟೇಜನ್ನು ತಾನೇ ನೋಡಿಕೊಳ್ಳುವ ಪೆಟ್ಟಿಗೆಯೂ ಬಂತು. ಮುಳ್ಳಿಲ್ಲ, ಗುಂಡಿಯಿಲ್ಲ, ಒಂದು ಹಸಿರು ದೀಪ ಅಷ್ಟೆ. ನನ್ನಂಥವನ ಕೆಲಸ ಹೋಯಿತು. ಆದರೆ ಹಳೆಯ ಚಟ. ಸಂಜೆ ಗಿರಿಜಾ ಟೀವಿ ಹಚ್ಚಿ ಕೂತಳೆಂದರೆ ನಾನೊಂದು ಕುರ್ಚಿ ಎಳೆದುಕೊಂಡು ಟೀವಿಯ ಬಗಲಿಗೆ, ಆಕೆಯ ಕಡೆ ಮುಖ ಮಾಡಿ ಕೂರುತ್ತೇನೆ. ಗುಳಿ ಇನ್ನೂ ಇದೆ, ಸುಕ್ಕುಗಳ ನಡುವೆ ಹುಡುಕಬೇಕು. ಮೊನ್ನೆ ಹಾಗೇ ಹುಡುಕುತ್ತ ಕೂತಿದ್ದೆ. ಆಕೆ ಎರಡು ಸಲ ಕತ್ತು ಅತ್ತ ಇತ್ತ ಮಾಡಿ, ಕೊನೆಗೆ ಅಂದಳು: "ಏನು ಕುಂತೀರ್ರಿ ಹಂಗ? ಈಕಡೆ ಸರೀರಿ, ಅಡ್ಡ ಬಂದೀರಿ. ಏನೂ ಕಾಣವಲ್ದು."

ಸರಿದು ಕೂತೆ. ಮಾಡಲು ಬೇರೆ ಕೆಲಸವಿಲ್ಲದೆ ಹಸಿರು ದೀಪ ನೋಡಿದೆ. ಅದು ನನ್ನ ಸಹಾಯವಿಲ್ಲದೆ ಚೆನ್ನಾಗಿಯೇ ಉರಿಯುತ್ತಿತ್ತು.